ದಕ್ಷನ ಕೊಂಬು

ಕೊಂಬು ಚುಚ್ಚಿತು.

ವಿಶಾಲಮ್ಮ ಹೆಬ್ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಎಳೆದುಕೊಂಡಿದ್ದರೆ ಅದೇ ಕೊಂಬಿನ ಮೇಲೆ ಬೆರಳಿಟ್ಟು ನಿಂತಿದ್ದ ವಾರಗಿತ್ತಿ ಪುಷ್ಪಾ ಗಾಬರಿಯಾಗುತ್ತಿದ್ದಳು. ಬೆನ್ನ ಹಿಂದೆ ಪರದೆ ಹಿಡಿದು ನಿಂತಿದ್ದ ಪೂಜಾರಿ ಚಂದ್ರಯ್ಯನವರು ಏನಾಯಿತೆಂದು ಕೇಳುತ್ತಿದ್ದರು. ಹಾಗಾಗಿ ಕಣ್ಣು ಮುಚ್ಚಿ, ಮಹಾಭಕ್ತಳಂತೆ ಮುಖ ಮಾಡಿಕೊಂಡು, ಬೆರಳ ತುದಿಯನ್ನು ಇನ್ನೊಂದು ಸಲ ಆಡಿಸಿ ನೋಡಿದಳು.

ಅನುಮಾನವೇ ಇಲ್ಲ. ಹೊಚ್ಚ ಹೊಸ ಕೊಂಬು.

ಕೆಂಚನಕೊಪ್ಪಲಿನ ವೀರಭದ್ರಸ್ವಾಮಿಯ ಕಂಚಿನ ಹಲಗೆ ಸೋಮವಾರ ಕಾಣೆಯಾಗಿ, ನಿನ್ನೆ ಬೆಳಿಗ್ಗೆ ಬಾಳೆಲೆಯಲ್ಲಿ ಸುತ್ತಿಕೊಂಡು ಗುಡಿಯ ಮೆಟ್ಟಿಲ ಮೇಲೆ ಬಂದು ಕೂತಿತ್ತು ಎಂದು ಊರೆಲ್ಲ ಪಾಯಸ ಮಾಡಿ ಉಂಡಿತ್ತು. ಬಂದದ್ದು ಆ ಹಲಗೆಯಲ್ಲ, ಬೇರೆ ಯಾವುದೋ ಎಂದು ಈಗ ತಿಳಿದದ್ದು ವಿಶಾಲಮ್ಮನೊಬ್ಬಳಿಗೆ.

ಈ ಸಂಗತಿ ಅರ್ಥವಾಗಬೇಕಾದರೆ ಊರಿನ ಪದ್ಧತಿಯೊಂದನ್ನು ಹೇಳಬೇಕು. ಹಲಗೆಯ ನಡುವೆ ಕತ್ತಿ ಹಿರಿದ ವೀರಭದ್ರ ನಿಂತಿದ್ದಾನೆ. ಅವನ ಕಾಲ ಬಳಿ ಆಡಿನ ತಲೆಯ ದಕ್ಷ ಕೈಮುಗಿದುಕೊಂಡಿದ್ದಾನೆ. ಬೇರೆ ಊರುಗಳಲ್ಲಿ ಜನ ದೇವರ ಮುಖಕ್ಕೇ ವಿಭೂತಿ ತಿಕ್ಕಿ ತಿಕ್ಕಿ ಕಣ್ಣು ಮೂಗು ಒಂದು ಮಾಡಿಟ್ಟಿರುತ್ತಾರೆ. ಇಲ್ಲಿ ಹಾಗಲ್ಲ. ಸಿಟ್ಟಿನ ದೇವರು, ಮೈಮುಟ್ಟಿ ಮಾತಾಡಿಸುವ ಸಲಿಗೆ ಯಾರಿಗೂ ಇಲ್ಲ. ಮುಟ್ಟುವುದು ದಕ್ಷನನ್ನು. ಜಂಬಕ್ಕೆ ತಲೆ ಕಳೆದುಕೊಂಡು, ಆಡಿನ ತಲೆ ಇಡಿಸಿಕೊಂಡು, ತಪ್ಪಾಯಿತೆಂದು ಬದುಕಿಕೊಂಡವನಲ್ಲವೇ ಅವನು?

ಊರಲ್ಲಿ ಇಬ್ಬರು ಜಗಳವಾಡಿ ರಾಜಿಯಾದರೆ ಚಂದ್ರಯ್ಯನವರು ಅವರನ್ನು ಒಳಗೆ ಕರೆದು ಪರದೆ ಎಳೆಯುತ್ತಾರೆ. ಇಬ್ಬರೂ ದಕ್ಷನ ಬಲಗೊಂಬಿನ ಮೇಲೆ ಹೆಬ್ಬೆರಳಿಟ್ಟು, ಆಮೇಲೆ ಒಂದೇ ಎಲೆಯಲ್ಲಿ ಅವಲಕ್ಕಿ ಬೆಲ್ಲ ತಿನ್ನಬೇಕು. ಒಳಗೆ ನಡೆದದ್ದನ್ನು ಹೊರಗೆ ಆಡಬಾರದು, ಆಡಿದರೆ ಜಗಳ ಮತ್ತೆ ಹುಟ್ಟುತ್ತದೆ. ಹೀಗೆ ಎಷ್ಟು ತಲೆಮಾರಿನ ಬೆರಳು ತಾಗಿದೆಯೋ, ಆ ಕೊಂಬು ಚೀಪಿಬಿಟ್ಟ ಪೆಪ್ಪರಮೆಂಟಿನಂತೆ ನುಣ್ಣಗೆ ಕರಗಿಹೋಗಿತ್ತು. ಎಡಗೊಂಬೂ ದೇವರ ಮುಖವೂ ಮಾತ್ರ ನಿನ್ನೆ ಎರಕ ಹೊಯ್ದಂತೆ ಚೂಪಾಗಿದ್ದವು.

ಈಗ ಬೆರಳಡಿ ಇರುವ ಹಲಗೆಯಲ್ಲಿ ಎರಡೂ ಕೊಂಬು ಚೂಪು, ದೇವರ ಮುಖ ನುಣುಪು. ಎಲ್ಲಾ ತಿರುವುಮುರುವು.

"ಆಯ್ತಾ ಅಕ್ಕಾ?" ಚಂದ್ರಯ್ಯನವರ ದನಿ ಸ್ವಲ್ಪ ಅವಸರದಲ್ಲಿತ್ತು. "ಬನ್ನಿ, ಅವಲಕ್ಕಿ ತಗಳಿ."

ಹಲಗೆಯ ಬೆನ್ನ ಮೇಲೆ ಹಳೇ ಬರಹ ಇದೆಯೇ ನೋಡೋಣವೆಂದರೆ ಅದನ್ನು ಪೀಠಕ್ಕೆ ತಂತಿ ಹಾಕಿ ಬಿಗಿದಿದ್ದರು. "ಇನ್ನೊಂದ್ಸಲ ಹೋಗ್ಬುಟ್ರೆ ಏನ್ ಮಾಡ್ಲಿ ಅಕ್ಕ" ಎಂದು ಚಂದ್ರಯ್ಯನವರು ತಾವಾಗಿಯೇ ಹೇಳಿದರು. ಪಾಪ, ಸೋಮವಾರದಿಂದ ಮನುಷ್ಯ ಅರ್ಧಕ್ಕೆ ಇಳಿದಿದ್ದರು. ಎಪ್ಪತ್ತು ದಾಟಿದ ಜೀವ. ಬೀಗದ ಕೈ ಇರುವವನೇ ಕಳ್ಳ ಎಂದು ಕಟ್ಟೆಯ ಮೇಲೆ ಕೂತವರು ಅವರಿಗೆ ಕೇಳಿಸುವಂತೆಯೇ ಆಡಿಕೊಂಡಿದ್ದರು.

ವಿಶಾಲಮ್ಮನಿಗೆ ಈ ಅಯ್ನೋರೆಂದರೆ ತುಂಬ ಪ್ರೀತಿ. ಹಳೇ ಕಲ್ಲಿನ ಬರಹ ಓದುವ ಅವಳ ಹುಚ್ಚಿಗೆ ಊರೆಲ್ಲ ನಗುತ್ತಿದ್ದ ಕಾಲದಲ್ಲಿ, ಗುಡಿಯ ಹಿಂದಿನ ವೀರಗಲ್ಲನ್ನು ತೊಳೆದು ಕೊಟ್ಟು "ಓದವ್ವ, ಏನ್ ಬರೆದವ್ರೆ ನೋಡಾನ" ಎಂದವರು ಅವರೊಬ್ಬರೇ.

ಎಲೆಯ ಮುಂದೆ ಕೂತಾಗ ಪುಷ್ಪಾ ಪಿಸುಗುಟ್ಟಿದಳು. "ಅಕ್ಕ, ಸುಳ್ಳು ಜಗಳಕ್ಕೆ ನಿಜವಾದ ಪೂಜೆ ಮಾಡಿಸ್ಕಂಡ್ವಲ್ಲ, ಸ್ವಾಮಿ ಏನಂದ್ಕಂತಾನೋ!"

"ಸುಳ್ಳು ಹೆಂಗಾಯ್ತು? ನಿನ್ನೆ ಬೀದಿಲಿ ನೀನು ನನ್ನ ಸಾರು ನೀರು ನೀರು ಅಂದೆಯಲ್ಲ, ಅದು ಮನಸಿಂದ್ಲೇ ಬಂದಿದ್ದು."

"ಅದು ನಿಜಾನೇ ಬಿಡಿ" ಎಂದು ಪುಷ್ಪಾ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡಳು.

ಆ ಜಗಳ ವಿಶಾಲಮ್ಮನ ಹೂಟ. ನಿನ್ನೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಫೋಟೋದಲ್ಲಿ ಸ್ವಾಮಿಯ ಮುಖ ಯಾಕೋ ಬೇರೆಯಾಗಿ ಕಂಡಿತ್ತು. ಮುಟ್ಟಿ ನೋಡಬೇಕೆಂದರೆ ಇದೊಂದೇ ದಾರಿ. ಕೋಳಿಯ ನೆಪ ಮಾಡಿ ಇಬ್ಬರೂ ಬೀದಿಯಲ್ಲಿ ಕೂಗಾಡಿದ್ದರು. ಚಂದ್ರಯ್ಯನವರು ಮೊದಲು ಒಪ್ಪಿರಲಿಲ್ಲ. "ಸ್ವಾಮಿ ಈಗ ತಾನೆ ಬಂದವ್ನೆ, ದಣಿದವ್ನೆ. ಹದಿನೈದು ದಿನ ಕಳೀಲಿ" ಎಂದಿದ್ದರು. ಪುಷ್ಪಾ ಬಿಡಬೇಕಲ್ಲ! "ಹದಿನೈದು ದಿನ ಮಾತು ಬಿಟ್ಟು ಹೆಂಗಿರಾದು ಅಯ್ನೋರೆ? ನಮ್ಮಿಬ್ಬರದು ಒಂದೇ ಬಾವಿ" ಎಂದು ಸೆರಗನ್ನು ಕಣ್ಣಿಗೆ ಒತ್ತಿಕೊಂಡಿದ್ದಳು. ರಾಜಿಗೆ ಬಂದವರನ್ನು ಹಿಂದಕ್ಕೆ ಕಳಿಸುವ ಹಾಗಿಲ್ಲ, ಅದು ಗುಡಿಯ ಕಟ್ಟಳೆ.

ಹೊರಗೆ ಆಲದ ನೆರಳಿನಲ್ಲಿ ಸ್ಕೂಟರಿನ ಮೇಲೆ ಕೂತು ಪೇಪರ್ ಓದುತ್ತಿದ್ದವರು ರಾಜಶೇಖರ್ ಮೇಷ್ಟ್ರು, ವಿಶಾಲಮ್ಮನ ಯಜಮಾನರು. ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ಈಗ ಬೆಳಗಿನ ಹೊತ್ತು ಹೆಂಡತಿಯ ಹಿಟ್ಟಿನ ಗಿರಣಿ ನೋಡಿಕೊಳ್ಳುವುದು, ಉಳಿದ ಹೊತ್ತು ಅವಳನ್ನು ಕಲ್ಲಿಂದ ಕಲ್ಲಿಗೆ ಕರೆದೊಯ್ಯುವುದು ಅವರ ಉದ್ಯೋಗ.

"ಜಗಳ ಮುಗೀತಾ?"

"ಜಗಳ ಮುಗೀತು. ಹಲಗೆ ಸುಳ್ಳು ಕಣ್ರೀ."

ಮೇಷ್ಟ್ರು ಪೇಪರನ್ನು ನಿಧಾನವಾಗಿ ಮಡಿಚಿದರು. "ಮೆಲ್ಲಗೆ ಮಾತಾಡು."

ಪುಷ್ಪಾ ಮನೆ ಕಡೆ ಹೊರಟ ಮೇಲೆ ವಿಶಾಲಮ್ಮ ಒಳಗಿನ ವಿಷಯವನ್ನೆಲ್ಲ ಗಂಡನಿಗೆ ಹೇಳಿದಳು. ಗಂಡನ ಮುಂದೆ ಆಡಿದ್ದು ಹೊರಗೆ ಆಡಿದಂತಲ್ಲ ಎಂಬುದು ಅವಳ ತೀರ್ಮಾನ. ಸ್ವಾಮಿಯನ್ನು ಕೇಳಿ ಮಾಡಿದ್ದಲ್ಲ.

ಅವಳ ಎದೆಯಲ್ಲಿ ಕುಳಿತಿದ್ದ ಭಯವೂ ಸಣ್ಣದಲ್ಲ. ನಾಳೆ ಹಾಸನದಿಂದ ಪುರಾತತ್ವದ ಅಧಿಕಾರಿ ಬರುತ್ತಾರೆ. ಕರೆಸಿದವಳು ಅವಳೇ. ಗಿರಣಿಯ ರಾಗಿ ಹಿಟ್ಟನ್ನು ಕಲ್ಲಿನ ಮೇಲೆ ಉದುರಿಸಿ, ಕೈಯಿಂದ ಸವರಿ, ಅಕ್ಷರದ ಗುಳಿಯಲ್ಲಿ ಹಿಟ್ಟು ನಿಂತಾಗ ಓದುವುದನ್ನು ಅವಳು ತಾನೇ ಕಲಿತಿದ್ದಳು. ಆಲೂರಿನಿಂದ ಹೆತ್ತೂರಿನ ತನಕ ಅವಳು ಹಿಟ್ಟು ಹಾಕದ ಕಲ್ಲಿಲ್ಲ. ಹಾಗೆಯೇ ಹಲಗೆಯ ಬೆನ್ನ ಮೇಲಿದ್ದ ಸವೆದ ಎರಡು ಸಾಲನ್ನು ಓದಿ, ಇದು ನಾಲ್ಕು ನೂರು ವರ್ಷ ಹಿಂದಿನದೆಂದು ಇಲಾಖೆಗೆ ಬರೆದಿದ್ದಳು. ಬಂದವರು ನಕಲಿಯನ್ನು ನೋಡಿದ ಕೂಡಲೇ ಕಂಡುಹಿಡಿಯುತ್ತಾರೆ. ಪೊಲೀಸು ಬರುತ್ತದೆ. ಮೊದಲು ಹಿಡಿಯುವುದು ಬೀಗದ ಕೈ ಇಟ್ಟುಕೊಂಡ ಮುದುಕನನ್ನೇ.

"ಅಯ್ನೋರಿಗೆ ಕಳ್ಳ ಅನ್ನೋ ಹೆಸರು ಬಂದ್ರೆ ಅವ್ರು ಉಳಿಯಲ್ಲ ಕಣ್ರೀ. ನಾಳೆಯೊಳಗೆ ಅಸಲಿ ಕಳ್ಳ ಯಾರು ಅಂತ ನನಗೆ ಗೊತ್ತಾಗ್ಬೇಕು."

"ಗೊತ್ತಾಗೋದು ಹೆಂಗೆ?"

"ಅರ್ಧ ಗೊತ್ತಾಗೈತೆ. ನಕಲಿ ಮಾಡಿದವನು ಅಸಲಿ ಹಲಗೆ ನೋಡೇ ಇಲ್ಲ. ನಮ್ಮ ದೇವಸ್ಥಾನದ ಕ್ಯಾಲೆಂಡರ್ ಫೋಟೋ ನೋಡಿ ಮಾಡವ್ನೆ. ಆ ಫೋಟೋದಲ್ಲಿ ದಕ್ಷನ ತಲೆ ಮೇಲೆ ಏನೈತೆ ಹೇಳಿ?"

ಮೇಷ್ಟ್ರು ನೆನಪಿಸಿಕೊಂಡರು. ಅಡಿಗೆ ಮನೆಯ ಬಾಗಿಲಲ್ಲಿ ದಿನಾ ಕಾಣುವ ಕ್ಯಾಲೆಂಡರ್. "ದಪ್ಪದೊಂದು ಸೇವಂತಿಗೆ."

"ಹೂವಿನ ಕೆಳಗೆ ಏನೈತೆ ಅಂತ ಅವನಿಗೆ ಗೊತ್ತಿಲ್ಲ. ಚೆಂದಕ್ಕೆ ಎರಡು ಚೂಪು ಕೊಂಬು ಇಟ್ಟವ್ನೆ. ಹಳೇ ದೇವರು ಅಂದ್ರೆ ಮುಖ ಸವೆದಿರ್ಬೇಕು ಅಂತ ಮುಖ ಉಜ್ಜವ್ನೆ. ಆ ಕ್ಯಾಲೆಂಡರ್ ಹಂಚಿದ್ದು ಊರೊಳಗೆ ಮಾತ್ರ, ಅಂದ್ಮೇಲೆ ಮಾಡಿಸಿದವನು ನಮ್ಮೂರವನೇ. ಆದ್ರೆ ಅವನಿಗೂ ಕೊಂಬಿನ ವಿಷ್ಯ ಗೊತ್ತಿಲ್ಲ. ಅಂದ್ರೆ?"

"ಅಂದ್ರೆ ಅವನು ಯಾವತ್ತೂ ರಾಜಿ ಪೂಜೆ ಮಾಡ್ಸಿಲ್ಲ."

"ಯಾವತ್ತೂ ಯಾರ ಜೊತೆಗೂ ಜಗಳ ಆಡಿಲ್ಲ!"

ಈ ಒಂದು ಮಾತಿಗೆ, ಸೋಮವಾರದಿಂದ ವಿಶಾಲಮ್ಮ ಗುಮಾನಿ ಇಟ್ಟುಕೊಂಡಿದ್ದ ಯೋಗೇಶ ಬಿಡುಗಡೆಯಾಗಿಬಿಟ್ಟ. ಹೆತ್ತೂರು ರಸ್ತೆಯಲ್ಲಿ ಹೋಂಸ್ಟೇ ಇಟ್ಟು, ಹಳೇ ದೀಪ ಹಳೇ ಕೊಳಗ ಸಿಕ್ಕಿದ್ದನ್ನೆಲ್ಲ ಗೋಡೆಗೆ ನೇತುಹಾಕುತ್ತಿದ್ದವನು ಅವನು. ಹಲಗೆಯನ್ನೂ ಒಮ್ಮೆ ಕೇಳಿದ್ದ. ಆದರೆ ಪಕ್ಕದ ತೋಟದವನೊಂದಿಗೆ, ಜೀಪಿನ ಡ್ರೈವರನೊಂದಿಗೆ, ಸ್ವಂತ ಭಾವಮೈದುನನೊಂದಿಗೆ ಜಗಳವಾಡಿ ರಾಜಿಯಾಗಿ ಅವನಷ್ಟು ಅವಲಕ್ಕಿ ತಿಂದವನು ಊರಿನಲ್ಲೇ ಇಲ್ಲ. ಕೊಂಬು ಸವೆದದ್ದರಲ್ಲಿ ಅವನ ಪಾಲು ದೊಡ್ಡದು.

"ಗುಡಿ ಬೀಗದ ಇನ್ನೊಂದು ಕೈ ಯಾರ ಹತ್ರ ಐತೆ?" ಎಂದು ಕೇಳಿ ವಿಶಾಲಮ್ಮ ತಾನೇ ಉತ್ತರ ಹೇಳಿದಳು. "ಗುಡಿ ಕಮಿಟಿ ಅಧ್ಯಕ್ಷರ ಹತ್ರ. ದೇವೀರಣ್ಣನ ಹತ್ರ."

"ದೇವೀರಪ್ಪನಾ? ಅವನು ಕಾಫಿ ಗಿಡಕ್ಕೂ ಗದರಿದವನಲ್ಲ ಮಾರಾಯ್ತಿ."

"ಅದಕ್ಕೇ ಹೇಳ್ತಿರೋದು."

ಮೇಷ್ಟ್ರು ಹೆಲ್ಮೆಟ್ಟಿನ ಪಟ್ಟಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. "ವಿಶಾಲಾ, ಯಾವುದೋ ಒಂದು ಸ್ವಾಮಿ ಬಂದಾಯ್ತಲ್ಲ. ಊರು ನೆಮ್ಮದಿಯಾಗೈತೆ. ಬಿಡಬಾರ್ದಾ?"

"ನಾಳೆ ಆ ಸಾಹೇಬ್ರು ಬಿಡ್ತಾರಾ? ಗಾಡಿ ತೆಗೀರಿ."

ತೆಗೆದರು.

ದೇವೀರಪ್ಪನವರ ತೋಟ ಊರಾಚೆಯ ಗುಡ್ಡದ ಮೇಲೆ. ಮಳೆ ನಿಂತು ಬಿಸಿಲು ಹದವಾಗಿ ಬೀಳುತ್ತಿತ್ತು. ಒಂದು ಕಡೆ ಶುಂಠಿ ಹೊಲ, ಇನ್ನೊಂದು ಕಡೆ ಕೊಯ್ಲಿಗೆ ಬಂದ ರಾಗಿ. ದೂರಕ್ಕೆ ಸಕಲೇಶಪುರದ ಗುಡ್ಡಗಳ ನೀಲಿ. ಗಂಡನ ಬೆನ್ನಿಗೆ ಒರಗಿಕೊಂಡು, ಮಡಿಲಲ್ಲಿ ಹಿಟ್ಟಿನ ಡಬ್ಬಿ ಇಟ್ಟುಕೊಂಡು ಹೋಗುತ್ತ ವಿಶಾಲಮ್ಮನಿಗೆ, ಇಷ್ಟು ಕಳವಳದ ನಡುವೆಯೂ, ತಾನು ಸುಖಿ ಎಂದೇ ಅನಿಸಿತು. ಈ ವಯಸ್ಸಿನಲ್ಲಿ ಹೆಂಡತಿಯ ಹುಚ್ಚಿಗೆ ಪೆಟ್ರೋಲು ಹಾಕುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ?

"ನಾನು ಇಲ್ಲೇ ಇರ್ತೀನಿ" ಎಂದು ಮೇಷ್ಟ್ರು ಗೇಟಿನ ಬಳಿ ಸ್ಕೂಟರ್ ನಿಲ್ಲಿಸಿದರು.

ದೇವೀರಪ್ಪ ಕಣದಲ್ಲಿ ಕಾಫಿ ಹಣ್ಣು ಹರವುತ್ತಿದ್ದರು. ಆಳುಗಳು ತಮ್ಮ ಲೈನ್ ಮನೆಗಳ ಕಡೆ ಊಟಕ್ಕೆ ಹೋಗಿದ್ದರು. ನೆರೆಯವನ ದನ ಇವರ ಮೆಣಸಿನ ಬಳ್ಳಿ ಮೇದಾಗ, ಬಾಯಾರಿರುತ್ತದೆಂದು ಆ ದನಕ್ಕೆ ನೀರು ಕುಡಿಸಿ ಕಳಿಸಿದ್ದ ಮನುಷ್ಯ ಇವರು. ವಿಶಾಲಮ್ಮನನ್ನು ಕಂಡು ಮುಖ ಅರಳಿತು.

"ಬನ್ನಿ ವಿಶಾಲಕ್ಕ, ಬನ್ನಿ. ಕಾಫಿ ಹೇಳ್ಲಾ?"

"ಕಾಫಿ ಆಮೇಲೆ ದೇವೀರಣ್ಣ. ಒಂದು ಮಾತು ಕೇಳ್ತೀನಿ. ನೀವು ಯಾವತ್ತಾದ್ರೂ ರಾಜಿ ಪೂಜೆ ಮಾಡ್ಸಿದ್ದೀರಾ?"

"ನಾನಾ? ಯಾರ ಜೊತೆ ರಾಜಿ ಆಗ್ಲಿ? ಯಾರೂ ನನ್ನ ಜೊತೆ ಜಗಳಕ್ಕೇ ಬರಲ್ವಲ್ಲ."

"ಹಂಗಾದ್ರೆ ಆ ಹಲಗೆ ಮಾಡಿಸಿದವರು ನೀವೇ."

ಹಣ್ಣು ಎಳೆಯುತ್ತಿದ್ದ ಹಲುಬೆ ನಿಂತಿತು. ಯಾವ ಹಲಗೆ, ಏನು ಮಾತು ಅಂತ ಕೇಳುತ್ತಾರೆ ಎಂದು ವಿಶಾಲಮ್ಮ ಕಾದಳು. ಕೇಳಲಿಲ್ಲ. ಸುಳ್ಳು ಹೇಳಿದರೆ ವಾದ ಬೆಳೆಯುತ್ತದೆ, ವಾದ ಬೆಳೆದರೆ ಜಗಳವಾಗುತ್ತದೆ. ದೇವೀರಪ್ಪನವರಿಗೆ ಅದು ಸಾಧ್ಯವಿರಲಿಲ್ಲ.

"ಹೌದಕ್ಕ" ಎಂದರು. "ನಾನೇ ಮಾಡ್ಸಿದ್ದು."

"ಅಸಲಿ ಎಲ್ಲಿ?"

"ಅಸಲಿ ನಾನು ಮುಟ್ಟಿಲ್ಲ. ಸ್ವಾಮಿ ಆಣೆ."

"ಮತ್ತೆ ನಕಲಿ ಯಾಕೆ ಮಾಡ್ಸಿದ್ರಿ?"

ದೇವೀರಪ್ಪ ಕಣದ ಅಂಚಿನ ಕಟ್ಟೆಯ ಮೇಲೆ ಕೂತರು. "ಇಲಾಖೆಯವರು ಬರ್ತಾರೆ ಅಂತ ನೀವು ಗ್ರೂಪಲ್ಲಿ ಹಾಕಿದ್ರಲ್ಲ, ಆವತ್ತೇ ನನ್ನ ಎದೆ ಒಡೀತು. ನಾಲ್ಕು ನೂರು ವರ್ಷದ್ದು ಅಂತ ಗೊತ್ತಾದ್ರೆ ಊರಲ್ಲಿ ಬಿಡ್ತಾರಾ? ಎತ್ಕೊಂಡೋಗಿ ಗಾಜಿನ ಪೆಟ್ಟಿಗೇಲಿ ಇಟ್ಬುಡ್ತಾರೆ. ಆಮೇಲೆ ನಮಗೆ ಪೂಜೆಗೆ ಒಂದು ಬೇಕಲ್ಲ ಅಂತ, ಕ್ಯಾಲೆಂಡರ್ ಕೊಟ್ಟು ಒಂದು ಮಾಡ್ಸಿಟ್ಟೆ. ಹಳೇದ್ರಂಗೆ ಕಾಣ್ಲಿ ಅಂತ ಮುಖ ಸ್ವಲ್ಪ ಸವೆಸಪ್ಪ ಅಂದೆ."

"ಎತ್ಕೊಂಡೋಗ್ತಾರೆ ಅಂತ ನಿಮಗೆ ಹೇಳಿದ್ಯಾರು? ಬರೆದುಕೊಂಡು, ಫೋಟೋ ತೆಗೆದು ಹೋಗ್ತಾರೆ ಅಷ್ಟೆ. ನನ್ನನ್ನೇ ಕೇಳಬಹುದಿತ್ತಲ್ಲ!"

"ಕೇಳಿದ್ರೆ ನಿಮಗೆ ಬೇಜಾರಾದ್ರೆ?"

ವಿಶಾಲಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳ್ಳೆಯತನಕ್ಕೂ ಒಂದು ಮಿತಿ ಬೇಡವೇ?

"ಸೋಮವಾರ ಅಸಲಿ ಕಾಣೆ ಆಯ್ತು" ದೇವೀರಪ್ಪ ಮುಂದುವರಿಸಿದರು. "ಬುಧವಾರದ ಹೊತ್ತಿಗೆ ಚಂದ್ರಯ್ಯನೋರನ್ನ ಪೂಜೆಯಿಂದ ಬಿಡಿಸ್ಬೇಕು ಅಂತ ಜನ ನನ್ನ ಮನೆ ಬಾಗ್ಲಿಗೆ ಬಂದ್ರು. ಅವ್ರು ಹಂಗೆ ಮಾಡೋರಲ್ಲ ಅಕ್ಕ. ನನಗೆ ಆ ಕೂಗಾಟ ತಡೆಯೋಕಾಗ್ಲಿಲ್ಲ. ಮಾಡ್ಸಿಟ್ಟಿದ್ದು ಮನೇಲಿತ್ತಲ್ಲ, ಬಾಳೆಲೆ ಸುತ್ತಿ ಮೆಟ್ಟಿಲ ಮೇಲಿಟ್ಟೆ. ಗಲಾಟೆ ನಿಂತ್ಹೋಯ್ತು."

ವಿಶಾಲಮ್ಮನ ಹೆಗಲಿಂದ ಭಾರ ಇಳಿದಂತಾಯಿತು. ಕಳ್ಳನನ್ನು ಹಿಡಿಯಲು ಬಂದಿದ್ದಳು. ಸಿಕ್ಕಿದ್ದು ಅಯ್ನೋರ ಮಾನ ಉಳಿಸಲು ಹೆಣಗಿದ ಇನ್ನೊಬ್ಬ ಮನುಷ್ಯ. ಊರು ಅಷ್ಟೇನೂ ಕೆಟ್ಟಿಲ್ಲವಲ್ಲ ಎಂದು ಖುಷಿಯೇ ಆಯಿತು. ನಾಳೆ ಅಧಿಕಾರಿ ಬಂದರೆ ಇಬ್ಬರೂ ಸೇರಿ ನಡೆದದ್ದನ್ನು ಹೇಳಿದರಾಯಿತು, ಚಂದ್ರಯ್ಯನವರಿಗೆ ಏನೂ ಗೊತ್ತಿಲ್ಲ ಎಂದು ಸಾಕ್ಷಿ ನುಡಿದರಾಯಿತು.

ಏನೂ ಗೊತ್ತಿಲ್ಲ?

ಅವಳ ಯೋಚನೆ ಅಲ್ಲಿ ತಟ್ಟನೆ ನಿಂತಿತು. ಕೊಂಬಿನ ವಿಷಯ ಗೊತ್ತಿಲ್ಲದವನು ಯಾರು ಎಂದೇ ಬೆಳಗಿನಿಂದ ಹುಡುಕಿದ್ದಳು. ಗೊತ್ತಿದ್ದೂ ಸುಮ್ಮನಿದ್ದವರು ಯಾರು ಎಂದು ಕೇಳಿಕೊಂಡೇ ಇರಲಿಲ್ಲ. ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಆ ಹಲಗೆಗೆ ನೀರೆರೆದು, ಬಟ್ಟೆಯಲ್ಲಿ ಒರೆಸಿ, ಹೂ ಮುಡಿಸುವ ಕೈ ಅದು. ತನಗೆ ಒಂದು ಸಲ ಮುಟ್ಟಿದ್ದಕ್ಕೇ ತಿಳಿದದ್ದು ಆ ಕೈಗೆ ಎರಡು ದಿನವಾದರೂ ತಿಳಿಯದೆ ಇರುತ್ತದೆಯೇ? ಹದಿನೈದು ದಿನ ಕಳೆಯಲಿ ಎಂದದ್ದು, ತಂತಿ ಬಿಗಿದದ್ದು, ಪರದೆಯ ಹಿಂದಿನ ಆ ಅವಸರ.

"ದೇವೀರಣ್ಣ, ನೀವು ಮೆಟ್ಟಿಲ ಮೇಲಿಟ್ಟಿದ್ದು ಅಯ್ನೋರಿಗೆ ಗೊತ್ತಾ?"

ದೇವೀರಪ್ಪ ಅವಳನ್ನು ನೋಡಿದರು. ಆ ನೋಟದಲ್ಲಿ ತಪ್ಪಿತಸ್ಥನ ಅಳುಕಿರಲಿಲ್ಲ; ಯಾರನ್ನೋ ನೋಯಿಸಬೇಕಾಗಿ ಬಂದವನ ಸಂಕಟವಿತ್ತು.

"ಮೊದ್ಲು ಅವ್ರ ಕೈಗೇ ಕೊಡಾನ ಅಂತ ಹೋಗಿದ್ದೆ. ಸಂಜೆ ಹಿತ್ಲಲ್ಲಿ ಪತ್ರೆ ಕೀಳ್ತಿದ್ರು. ಬಿಚ್ಚಿ ನೋಡಿದ್ರು. ಕೈಲಿ ಮುಟ್ಲಿಲ್ಲ. ಮೆಟ್ಟಿಲ ಮೇಲಿಡು, ಬೆಳಿಗ್ಗೆ ನಾನೇ ಕಂಡಂಗೆ ಮಾಡ್ತೀನಿ ಅಂದ್ರು."

"ಅಸಲಿ ಎಲ್ಲೈತೆ ಅಂತ ನೀವು ಕೇಳ್ಲಿಲ್ವಾ?"

"ಕೇಳ್ದೆ."

"ಏನಂದ್ರು?"

"ಬೇಡ ಬಿಡಿ ಅಕ್ಕ."

"ದೇವೀರಣ್ಣ, ನಾನು ಆ ಮುದುಕಪ್ಪನ್ನ ಉಳ್ಸೋಕೆ ಅಂತ ಬೆಳಿಗ್ಗೆಯಿಂದ ಓಡಾಡ್ತಾ ಇದ್ದೀನಿ. ಏನಂದ್ರು ಹೇಳಿ."

ದೇವೀರಪ್ಪ ಮುಂಗೈಯಿಂದ ಹಣೆ ಒರೆಸಿಕೊಂಡರು. "ಒಂದೇ ಮಾತು ಹೇಳಿದ್ರು. ವಿಶಾಲಕ್ಕನ ಕೈಗೆ ಮಾತ್ರ ಇದು ಸಿಗಬಾರ್ದು ಕಣೋ ಅಂದ್ರು. ಮುಟ್ಟಿದ್ರೆ ನಕಲಿ ಅಂತ ತಿಳ್ಕಂತಾಳೆ. ತಿಳ್ಕಂಡ್ರೆ ಅಸಲಿ ಹುಡುಕ್ತಾಳೆ. ಹುಡುಕಿದ್ರೆ ಅವಳ ಮನೇಲೇ ಸಿಗ್ತದೆ ಅಂದ್ರು."

"ನನ್ನ ಮನೇಲಾ?" ಎಂದಳು ವಿಶಾಲಮ್ಮ.

"ನಿಮಗೆ ಹಳೇದ್ರ ಮೇಲೆ ಆಸೆ ಜಾಸ್ತಿ ಅಲ್ವಾ" ದೇವೀರಪ್ಪ ಬೇಗಬೇಗ ಹೇಳಿದರು. "ನೀವೇ ಎತ್ತಿಟ್ಕಂಡಿದ್ದೀರಿ, ಅಯ್ನೋರು ನಿಮ್ಮ ಮಾನ ಕಾಯ್ತಾವ್ರೆ ಅಂತ ನಾನು ಈಗಿನ ತನಕ ತಿಳ್ಕಂಡಿದ್ದೆ. ನೀವು ಬಂದು ನನ್ನೇ ಕೇಳ್ತಿದ್ದೀರಿ. ನೀವಲ್ವಾ ಅಕ್ಕ?"

"ನಾನಲ್ಲ" ಎಂದಳು ವಿಶಾಲಮ್ಮ.

ಅವಳ ಮನೆಯಲ್ಲಿ ಇರುವುದು ಇಬ್ಬರು. ಗಿರಣಿಯನ್ನೂ ಸೇರಿಸಿದರೂ ಅದೇ ಇಬ್ಬರು. ಅವಳಲ್ಲದಿದ್ದರೆ ಇನ್ನೊಬ್ಬರು, ಊರು ನೆಮ್ಮದಿಯಾಗೈತೆ, ಬಿಡಬಾರ್ದಾ ಎಂದಿದ್ದವರು.

ಗೇಟಿನ ಕಡೆಯಿಂದ ಹಾರ್ನ್ ಕೇಳಿಸಿತು. ರಾಜಶೇಖರ್ ಮೇಷ್ಟ್ರು ಆಗಲೇ ಸ್ಕೂಟರನ್ನು ಊರಿನ ಕಡೆಗೆ ತಿರುಗಿಸಿ, ಹಿಂದಿನ ಸೀಟಿನ ಧೂಳನ್ನು ಕರ್ಚೀಫಿನಿಂದ ಒರೆಸುತ್ತಿದ್ದರು.

"ಏನಂತೆ ದೇವೀರಪ್ಪ?" ಎಂದು ಅಲ್ಲಿಂದಲೇ ಕೂಗಿ ಕೇಳಿದರು. "ಬಾ ವಿಶಾಲಾ, ಮನೆಗೆ ಹೋಗಾನ."